ಬಸಿ ನೀರು, ಪಂಪ್, ಕರೆಂಟ್ ಬಿಲ್

(ಕೋಲಾರ ಜಿಲ್ಲೆಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಒಂದಿಷ್ಟು ಭಾಗವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗಣಿ ಮುಚ್ಚಿ ಪಂಪ್ ನಿಲ್ಲಿಸಿದರೆ ಏನಾಗುತ್ತದೆ ಅಂತ ಈ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದಿದ್ದ ಗಣಿಯೊಳಗೆ ನೀರು ತುಂಬಿಕೊಂಡಿತು. ಮೇಲೆ ಸೈನೈಡ್ ದಿಬ್ಬಗಳು, ಅಂದರೆ ಚಿನ್ನ ತೆಗೆದು ಮಿಕ್ಕ ಕಲ್ಲಿನ ಪುಡಿಯ ಗುಡ್ಡೆಗಳು, ಉಳಿದವು. ಗಾಳಿ ಬೀಸಿದಾಗ ಆ ದಿಬ್ಬದ ದೂಳು ಯಾರ ಮನೆಗೆ ಬರುತ್ತದೆ ಅಂತ ಇಲ್ಲಿ ಕೂತಿರುವವರಿಗೇ ಗೊತ್ತು.

ನಾನು ಇವತ್ತು ಮಾತಾಡುವುದು ದೂಳಿನ ಬಗ್ಗೆ ಅಲ್ಲ, ನೀರಿನ ಬಗ್ಗೆ. ಅಂಥ ದಿಬ್ಬ ಇನ್ನೂ ಹಸಿಯಾಗಿದ್ದಾಗ, ಅಂದರೆ ಗಣಿಯ ರಾಡಿ ಕೆರೆಯಲ್ಲಿ ನಿಂತಿರುವಾಗ, ಅದರ ಬುಡದಿಂದ ನೀರು ಜಿನುಗುತ್ತದೆ. ಅದನ್ನು ಹಿಡಿದು, ಪಂಪ್ ಹಾಕಿ, ಮತ್ತೆ ಮೇಲಿನ ಕೆರೆಗೇ ಕಳಿಸುತ್ತಾರೆ. ಕೇಳಲು ಸಣ್ಣ ಕೆಲಸ. ಇದನ್ನು ಎಷ್ಟು ವರ್ಷ ಮಾಡಬೇಕು, ಅದರ ದುಡ್ಡು ಯಾರು ಕೊಡಬೇಕು ಅನ್ನುವ ಪ್ರಶ್ನೆಯನ್ನು ಮಾತ್ರ ಗಣಿ ಶುರುವಾಗುವಾಗ ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಮೊದಲು ಆ ಕೆರೆ ಏನು ಅಂತ ನೋಡೋಣ. ಎಷ್ಟೋ ತಾಮ್ರದ ಗಣಿಗಳಲ್ಲಿ 100 ಕಿಲೋ ಕಲ್ಲು ಅಗೆದರೆ ಸಿಗುವುದು ಅರ್ಧ ಕಿಲೋ ತಾಮ್ರ, ಕೆಲವು ಕಡೆ ಅದಕ್ಕೂ ಕಮ್ಮಿ. ಕಲ್ಲನ್ನು ಹಿಟ್ಟಿನ ಹಾಗೆ ನುಣ್ಣಗೆ ಅರೆದು, ನೀರು ಬೆರೆಸಿ, ಬೇಕಾದ ಲೋಹ ತೆಗೆದುಕೊಳ್ಳುತ್ತಾರೆ. ಮಿಕ್ಕ ರಾಡಿಗೆ ಟೇಲಿಂಗ್ಸ್ ಅನ್ನುತ್ತಾರೆ. ಅದು ಪೈಪಿನಲ್ಲಿ ಹರಿದು ಹೋಗಿ ಒಂದು ಕಟ್ಟೆಯ ಹಿಂದೆ ನಿಲ್ಲುತ್ತದೆ. ಹಿಟ್ಟು ತಳಕ್ಕೆ ಕೂರುತ್ತದೆ, ತಿಳಿ ನೀರು ಮೇಲೆ ನಿಲ್ಲುತ್ತದೆ, ಆ ತಿಳಿ ನೀರನ್ನು ಮತ್ತೆ ಕಾರ್ಖಾನೆಗೆ ತರುತ್ತಾರೆ. ರಾಡಿ ಏರಿದ ಹಾಗೆ ಕಟ್ಟೆಯನ್ನೂ ಏರಿಸುತ್ತಾ ಹೋಗುತ್ತಾರೆ. ನೀರಾವರಿ ಅಣೆಕಟ್ಟನ್ನು ಒಂದು ಸಲ ಕಟ್ಟಿ ಮುಗಿಸುತ್ತೇವೆ. ಇದು ಹಾಗಲ್ಲ. ಗಣಿ ನಡೆಯುವಷ್ಟು ದಿನ ಕಟ್ಟುತ್ತಲೇ ಇರುವ ಅಣೆಕಟ್ಟು.

ಈಗ ಸೋರುವಿಕೆಗೆ ಬರೋಣ. ಕೋಲಾರ ಕೆರೆಗಳ ಸೀಮೆ. ಏರಿಯ ಹಿಂದಿನ ಗದ್ದೆ ಬೇಸಿಗೆಯಲ್ಲೂ ತೇವವಾಗಿರುತ್ತದೆ, ಅಲ್ವಾ? ತೂಬು ಮುಚ್ಚಿದ್ದರೂ ಅಲ್ಲಿ ನೀರು ಜಿನುಗುತ್ತಿರುತ್ತದೆ. ಮಣ್ಣಿನ ಏರಿ ಅಂದರೆ ಹಾಗೇ. ಒಂದು ಹನಿಯೂ ಸೋರದ ಮಣ್ಣಿನ ಕಟ್ಟೆ ಭೂಮಿ ಮೇಲೆ ಇಲ್ಲ. ಟೇಲಿಂಗ್ಸ್ ಕಟ್ಟೆಯೂ ಸೋರುತ್ತದೆ. ಗದ್ದೆಗೆ ಬಂದ ಕೆರೆಯ ಬಸಿ ನೀರಿನಲ್ಲಿ ನಾವು ಭತ್ತ ಬೆಳೆಯುತ್ತೇವೆ. ಇಲ್ಲಿ ಬರುವ ನೀರಿನಲ್ಲಿ ತಾಮ್ರ, ಸತು, ಆರ್ಸೆನಿಕ್, ಸಲ್ಫೇಟ್, ಚಿನ್ನದ ಗಣಿಯಾದರೆ ಸೈನೈಡ್, ಏನು ಬೇಕಾದರೂ ಇರಬಹುದು. ವ್ಯತ್ಯಾಸ ಇಷ್ಟೇ.

ಹಾಗಾದರೆ ಸೋರದ ಹಾಗೆ ಬಿಗಿ ಮಾಡಿಬಿಡೋಣ ಅಂತ ಅನ್ನಿಸುವುದು ಸಹಜ. ಕೆಳಗೆ ಬಸಿದು ಹೋಗಲು ದಾರಿಯೇ ಇಲ್ಲದ ಕಟ್ಟೆ ಅದಕ್ಕಿಂತ ದೊಡ್ಡ ಅಪಾಯ. ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಆದದ್ದು ಅದೇ. ಕಬ್ಬಿಣದ ಅದಿರಿನ ಗಣಿಯ ರಾಡಿ ನಿಲ್ಲಿಸಿದ್ದ, 86 ಮೀಟರ್ ಎತ್ತರದ ಕಟ್ಟೆ. ಅದಕ್ಕೆ ರಾಡಿ ಹಾಕುವುದನ್ನು 2016ರಲ್ಲೇ ನಿಲ್ಲಿಸಿದ್ದರು. ಒಳಗೆ ನೀರು ಬಸಿದು ಹೋಗಲು ಸರಿಯಾದ ವ್ಯವಸ್ಥೆ ಇರಲಿಲ್ಲ. 2019ರ ಜನವರಿ 25ರ ಮಧ್ಯಾಹ್ನ, ಯಾವ ದೊಡ್ಡ ಸೂಚನೆಯನ್ನೂ ಕೊಡದೆ, ಇಡೀ ಕಟ್ಟೆ ಕೆಲವೇ ಸೆಕೆಂಡುಗಳಲ್ಲಿ ಕರಗಿ ಹರಿಯಿತು. ಕೆಳಗೆ ಗಣಿಯ ಕ್ಯಾಂಟೀನ್ ಇತ್ತು, ಅದು ಊಟದ ಹೊತ್ತು. 270 ಜನ ಸತ್ತರು. ತನಿಖೆ ಮಾಡಿದ ತಜ್ಞರ ತಂಡ ಹೇಳಿದ ಕಾರಣಗಳಲ್ಲಿ ಮುಖ್ಯವಾದದ್ದು ಕಟ್ಟೆಯೊಳಗೆ ನಿಂತಿದ್ದ ನೀರು.

ಆದ್ದರಿಂದ ನೀರು ಹೊರಗೆ ಬರಬೇಕು. ಬಂದದ್ದು ಹಳ್ಳಕ್ಕೆ ಹೋಗಬಾರದು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದಕ್ಕೇ ಬುಡದಲ್ಲಿ ಬಸಿಗಾಲುವೆ, ಸಂಪ್, ಪಂಪ್.

ಬಸಿಗಾಲುವೆ ಅಂದರೆ ಕಟ್ಟೆಯ ಬುಡದ ಉದ್ದಕ್ಕೂ ತೋಡಿದ ಚರಂಡಿ. ಅದರಲ್ಲಿ ತೂತು ತೂತಾದ ಪೈಪು, ಸುತ್ತ ಜಲ್ಲಿ, ಜಲ್ಲಿಯ ಸುತ್ತ ಮಣ್ಣು ತಡೆಯುವ ಬಟ್ಟೆ. ಇಷ್ಟೂ ದಾಟಿ ಆಳದಲ್ಲಿ ತಪ್ಪಿಸಿಕೊಂಡು ಹೋಗುವ ನೀರಿಗೆ ಅಡ್ಡಲಾಗಿ ಕೆಲವು ಕಡೆ ನೆಲದೊಳಗೆ ಗೋಡೆ ಇಳಿಸುತ್ತಾರೆ, ಕೆಲವು ಕಡೆ ಸಾಲಾಗಿ ಬೋರ್‌ವೆಲ್ ಕೊರೆದು ಎಳೆದುಕೊಳ್ಳುತ್ತಾರೆ. ಎಲ್ಲವೂ ಕೊನೆಗೆ ಬಂದು ಸೇರುವುದು ಒಂದು ಸಂಪ್‌ಗೆ. ಸಂಪ್‌ನಲ್ಲಿ ಫ್ಲೋಟ್ ಸ್ವಿಚ್. ನೀರು ಏರಿದರೆ ಪಂಪ್ ಆನ್, ಇಳಿದರೆ ಆಫ್. ನಿಮ್ಮ ಮನೆಯ ಸಂಪ್‌ನಲ್ಲಿ ಇರುವುದೂ ಅದೇ. ಇಲ್ಲಿ ಪಕ್ಕದಲ್ಲಿ ಇನ್ನೊಂದು ಪಂಪ್ ತಯಾರಾಗಿ ಕೂತಿರಬೇಕು, ಕರೆಂಟ್ ಹೋದರೆ ಜನರೇಟರ್ ಬೇಕು, ಪಂಪ್ ಕೆಟ್ಟು ರಿಪೇರಿಯಾಗುವ ತನಕ ಬರುವ ನೀರನ್ನು ಹಿಡಿಯುವಷ್ಟು ದೊಡ್ಡ ಸಂಪ್ ಬೇಕು. ಜೊತೆಗೆ ಜೋರು ಮಳೆಯ ದಿನದ ನೀರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಒಂದು ತಗಡು. ಸಂಪ್‌ಗೆ ಬರುವ ಕಾಲುವೆಗೆ ಅಡ್ಡಲಾಗಿ ಒಂದು ಸ್ಟೀಲ್ ತಗಡು ನಿಲ್ಲಿಸಿ, ಅದರಲ್ಲಿ ವಿ ಆಕಾರದ ಕಚ್ಚು ಕತ್ತರಿಸಿರುತ್ತಾರೆ. ವಿ-ನಾಚ್ ಅನ್ನುತ್ತಾರೆ. ಪಕ್ಕದಲ್ಲಿ ಒಂದು ಸ್ಕೇಲು. ಸಮಕೋನದ ಕಚ್ಚಿನಲ್ಲಿ ನೀರು 10 ಸೆಂಟಿಮೀಟರ್ ಎತ್ತರಕ್ಕೆ ಹರಿಯುತ್ತಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್ ಬರುತ್ತಿದೆ ಅಂತ ಲೆಕ್ಕ. ದಿನಕ್ಕೆ ಸುಮಾರು 3 ಲಕ್ಷ 80 ಸಾವಿರ ಲೀಟರ್. ನಾಳೆ ಬಂದು ನೋಡಿದಾಗ ಸ್ಕೇಲಿನಲ್ಲಿ 11 ಇದ್ದರೆ? ಬರೀ ಒಂದು ಸೆಂಟಿಮೀಟರ್ ಜಾಸ್ತಿ ಅಂತ ಸುಮ್ನೆ ಬರೆದುಕೊಂಡು ಹೋಗುವ ಹಾಗಿಲ್ಲ. ಹರಿವು 5.5 ಲೀಟರ್ ಆಗಿದೆ, ಕಾಲು ಭಾಗಕ್ಕಿಂತ ಜಾಸ್ತಿ ಏರಿದೆ. ರಾತ್ರಿ ಮಳೆ ಬಂದಿತ್ತಾ? ಮೇಲೆ ಕೆರೆಯಲ್ಲಿ ನೀರು ಕಟ್ಟೆಯ ಹತ್ತಿರ ಬಂದಿದೆಯಾ? ಎರಡೂ ಅಲ್ಲ ಅಂದರೆ ಕಟ್ಟೆಯೊಳಗೆ ಏನೋ ಬದಲಾಗಿದೆ. ನೀರಿನ ಬಣ್ಣವನ್ನೂ ನೋಡಬೇಕು. ತಿಳಿಯಾಗಿ ಬರುತ್ತಿದ್ದದ್ದು ರಾಡಿಯಾಗಿ ಬಂದರೆ ಒಳಗಿನ ಮಣ್ಣು ಕೊಚ್ಚಿಕೊಂಡು ಬರುತ್ತಿದೆ ಅಂತ ಅರ್ಥ. ಆಗ ಆ ದಿನದ ಬೇರೆಲ್ಲ ಕೆಲಸ ಬಿಟ್ಟು ಎಂಜಿನಿಯರನ್ನು ಕರೆಯಬೇಕು. ಇನ್ನೊಂದು ಕಡೆಯಿಂದಲೂ ಯೋಚಿಸಿ. ಹರಿವು ಕಮ್ಮಿಯಾದರೆ ಖುಷಿಪಡಬಹುದಾ? ಬಸಿಯುವ ಪೈಪಿನ ತೂತುಗಳು ಕಟ್ಟಿಕೊಂಡಿದ್ದರೂ ಹರಿವು ಕಮ್ಮಿಯಾಗುತ್ತದೆ. ಕಬ್ಬಿಣದ ಅಂಶ ಇರುವ ನೀರು ಗಾಳಿ ಸೋಕಿದ ಕೂಡಲೇ ತುಕ್ಕು ಬಣ್ಣದ ಲೋಳೆಯಾಗಿ ತೂತುಗಳಿಗೆ ಮೆತ್ತಿಕೊಳ್ಳುತ್ತದೆ. ನೀರು ಹೊರಗೆ ಬರಲಾರದೆ ಕಟ್ಟೆಯೊಳಗೇ ಏರುತ್ತಿರಬಹುದು.

ಇನ್ನು ಬ್ಯೂಟ್ ಕಥೆ. ಅಮೆರಿಕದ ಮೊಂಟಾನಾ ರಾಜ್ಯದ ಗುಡ್ಡಗಾಡಿನ ಊರು ಅದು. ತಾಮ್ರದ ಮೇಲೆ ಬೆಳೆದ ಊರು, ‘ಭೂಮಿ ಮೇಲಿನ ಅತಿ ಶ್ರೀಮಂತ ಗುಡ್ಡ’ ಅಂತ ಅದನ್ನು ಕರೆಯುತ್ತಿದ್ದರು. ಗುಡ್ಡದೊಳಗೆ ಸುರಂಗಗಳ ಬಲೆ. 1955ರಲ್ಲಿ ಅನಕೊಂಡಾ ಕಂಪನಿ ಬರ್ಕ್ಲಿ ಪಿಟ್ ಅನ್ನುವ ತೆರೆದ ಗಣಿ ಶುರು ಮಾಡಿತು. ಪಿಟ್ ಅಗಲವಾದ ಹಾಗೆ ಊರಿನ ಕೇರಿಗಳನ್ನೇ ನುಂಗಿತು. 1963ರಿಂದ ರಾಡಿ ತುಂಬಲು ಯಾಂಕಿ ಡೂಡಲ್ ಅನ್ನುವ ಕಟ್ಟೆ ಕಟ್ಟಲು ಶುರು ಮಾಡಿದರು. ಗಣಿಯಿಂದ ಬಂದ ಬೇಡದ ಕಲ್ಲನ್ನೇ ಸುರಿದು ಕಟ್ಟಿದ್ದು. ಈಗ ಅದರ ಎತ್ತರ ಸುಮಾರು 230 ಮೀಟರ್.

1982ರ ಏಪ್ರಿಲ್ 22ರಂದು, ಅದೂ ಭೂಮಿ ದಿನದಂದೇ, ಆಗಿನ ಮಾಲೀಕ ಕಂಪನಿ ಆರ್ಕೋ, ಕೆಲ್ಲಿ ಶಾಫ್ಟ್ ಅನ್ನುವ ಗಣಿ ಬಾವಿಯ ಆಳದಲ್ಲಿದ್ದ ಪಂಪ್‌ಗಳನ್ನು ನಿಲ್ಲಿಸಿತು. ಸುರಂಗಗಳು ತುಂಬಿದವು. ಮರುವರ್ಷದ ಕೊನೆಗೆ ಪಿಟ್‌ನ ತಳದಲ್ಲೂ ನೀರು ಕಾಣಿಸಿಕೊಂಡಿತು. ಕಲ್ಲಿನಲ್ಲಿರುವ ಪೈರೈಟ್‌ಗೆ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜಕ್ಕೆ, ನೀರು ಮತ್ತು ಗಾಳಿ ಸೇರಿದರೆ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲ ಕಲ್ಲಿನಲ್ಲಿರುವ ಲೋಹವನ್ನು ಕರಗಿಸುತ್ತದೆ. ಕೆಂಪು ಬಣ್ಣದ, ನಿಂಬೆ ರಸದಷ್ಟು ಹುಳಿಯಾದ ನೀರಿನ ಕೆರೆಯೇ ಆಗಿಹೋಯಿತು. 1995ರ ನವೆಂಬರ್‌ನಲ್ಲಿ ವಲಸೆ ಹೋಗುತ್ತಿದ್ದ ಹಿಮ ಹೆಬ್ಬಾತುಗಳು ಅದರ ಮೇಲೆ ಇಳಿದವು. 342 ಹೆಣ ಸಿಕ್ಕಿದವು.

ಪಿಟ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ಪ್ರವಾಸಿಗರು ಟಿಕೆಟ್ ತೆಗೆದುಕೊಂಡು ನೋಡುತ್ತಾರೆ. ಪಕ್ಕದ ಯಾಂಕಿ ಡೂಡಲ್ ಕಟ್ಟೆಯ ಬುಡದಲ್ಲಿ ಹಾರ್ಸ್‌ಶೂ ಬೆಂಡ್ ಅನ್ನುವ ಜಾಗ ಇದೆ. ಕಟ್ಟೆಯ ಬಸಿ ನೀರು ಹೊರಗೆ ಬರುವುದು ಅಲ್ಲಿ. ಎಷ್ಟು? ದಿನಕ್ಕೆ ಸುಮಾರು ಒಂದು ಕೋಟಿ ಲೀಟರ್ ಆಸುಪಾಸು. ಇದರಲ್ಲೊಂದು ವಿಚಿತ್ರ ನೋಡಿ. ಮೇಲಿನ ಕೆರೆಗೆ ಹೋಗುವ ರಾಡಿಯಲ್ಲಿ ಸುಣ್ಣ ಬೆರೆತಿರುತ್ತದೆ, ಅದು ಹುಳಿ ಅಲ್ಲ. ಅದೇ ನೀರು ಕಟ್ಟೆಯ ಪೈರೈಟ್ ಕಲ್ಲುಗಳ ಸಂದಿಯಲ್ಲಿ ಇಳಿದು ಕೆಳಗೆ ಬರುವಾಗ ಹುಳಿಯಾಗಿ, ತಾಮ್ರ ಕರಗಿಸಿಕೊಂಡು ಬರುತ್ತದೆ. ಅಂದರೆ ನೀರನ್ನು ಹಿಡಿದಿಡಲು ಕಟ್ಟಿದ ಕಟ್ಟೆಯೇ ನೀರನ್ನು ಕೆಡಿಸುತ್ತಿದೆ. ಕಟ್ಟಲು ಯಾವ ಕಲ್ಲು ಹಾಕುತ್ತೀರಿ ಅನ್ನುವುದು ಮುಂದಿನ ನೂರಾರು ವರ್ಷದ ನೀರನ್ನು ತೀರ್ಮಾನ ಮಾಡುತ್ತದೆ. ಕಟ್ಟುವಾಗ ಅದು ಹತ್ತಿರದಲ್ಲಿ ಪುಕ್ಕಟೆ ಸಿಕ್ಕ ಕಲ್ಲು, ಅಷ್ಟೇ. (ಬ್ಯೂಟ್‌ನವರು ಇದರಲ್ಲೂ ಕಾಸು ಮಾಡಿದ್ದಾರೆ. ತಾಮ್ರದ ನೀರನ್ನು ಗುಜರಿ ಕಬ್ಬಿಣದ ಮೇಲೆ ಹರಿಸಿದರೆ ಕಬ್ಬಿಣ ಕರಗಿ ತಾಮ್ರ ಕೂರುತ್ತದೆ. ನಮ್ಮ ಗುಜರಿ ಅಂಗಡಿಯವರಿಗೆ ಗೊತ್ತಾದರೆ ಬಿಡುವುದಿಲ್ಲ.)

ಮೊದಮೊದಲು ಈ ಬಸಿ ನೀರು ಪಿಟ್‌ಗೇ ಹರಿದು ಹೋಗುತ್ತಿತ್ತು. ಪಿಟ್ ಒಂದು ಮಟ್ಟಕ್ಕಿಂತ ಮೇಲೆ ತುಂಬಿದರೆ ಕೆಟ್ಟ ನೀರು ನೆಲದೊಳಗೆ ಊರಿನ ಕಡೆಗೆ, ಸಿಲ್ವರ್ ಬೋ ತೊರೆಯ ಕಡೆಗೆ ತಿರುಗುತ್ತದೆ. ಅದಕ್ಕೇ 1996ರ ಏಪ್ರಿಲ್‌ನಲ್ಲಿ ಹಾರ್ಸ್‌ಶೂ ಬೆಂಡ್ ನೀರನ್ನು ಅಡ್ಡಗಟ್ಟಿ, ಸುಣ್ಣ ಬೆರೆಸಿ, ಮೇಲಿನ ಟೇಲಿಂಗ್ಸ್ ಕೆರೆಗೆ ಪಂಪ್ ಮಾಡಲು ಶುರು ಮಾಡಿದರು. ಆ ಹೊತ್ತಿಗೆ ಮೊಂಟಾನಾ ರಿಸೋರ್ಸಸ್ ಅನ್ನುವ ಕಂಪನಿ ಪಕ್ಕದ ಕಾಂಟಿನೆಂಟಲ್ ಪಿಟ್‌ನಲ್ಲಿ ಗಣಿ ನಡೆಸುತ್ತಿತ್ತು. ಹೇಗೂ ಗಣಿ ಓಡುತ್ತಿತ್ತು, ಸುಣ್ಣ ಇತ್ತು, ಪಂಪ್ ಇತ್ತು, ಜನ ಇದ್ದರು. ನಾಲ್ಕು ವರ್ಷ ಸಲೀಸಾಗಿ ನಡೆಯಿತು.

1997ರಲ್ಲಿ ಮೊಂಟಾನಾ ರಾಜ್ಯ ವಿದ್ಯುತ್ ದರವನ್ನು ಮಾರುಕಟ್ಟೆಗೆ ಬಿಡುವ ಕಾನೂನು ತಂದಿತ್ತು. 2000ದ ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲೆಲ್ಲ ಕರೆಂಟ್ ದರ ಆಕಾಶಕ್ಕೆ ಏರಿತು. ಕಂಪನಿ ಜುಲೈನಲ್ಲಿ ಗಣಿಯನ್ನೇ ನಿಲ್ಲಿಸಿತು. ಗಣಿ ನಿಂತ ಮೇಲೆ ಬಸಿ ನೀರಿನ ಪಂಪ್ ಒಂದೇ ಓಡುತ್ತಾ? ಅದೂ ನಿಂತಿತು. ಹಾರ್ಸ್‌ಶೂ ಬೆಂಡ್ ನೀರು ಮತ್ತೆ ಪಿಟ್‌ಗೆ ಹರಿಯಿತು. ಒಂದು ದಿನ ಎರಡು ದಿನ ಅಲ್ಲ, ಮೂರು ವರ್ಷಕ್ಕೂ ಜಾಸ್ತಿ. 2003ರ ನವೆಂಬರ್‌ನಲ್ಲಿ ಅಲ್ಲೊಂದು ಶುದ್ಧೀಕರಣ ಘಟಕ ಶುರುವಾದ ಮೇಲೇ ಅದು ನಿಂತದ್ದು. ಆ ಘಟಕದ ಸಾಮರ್ಥ್ಯ ದಿನಕ್ಕೆ ಎರಡೂವರೆ ಕೋಟಿ ಲೀಟರ್‌ಗೂ ಮೇಲೆ. 2002ರಲ್ಲಿ ಸರ್ಕಾರ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದದಿಂದ ಅದು ಬಂತು.

ಕಟ್ಟೆ ಒಡೆದಿರಲಿಲ್ಲ, ಪೈಪು ಸೀಳಿರಲಿಲ್ಲ, ಆಪರೇಟರ್ ನಿದ್ದೆ ಹೋಗಿರಲಿಲ್ಲ. ಕರೆಂಟ್ ಬಿಲ್ ಜಾಸ್ತಿಯಾಯಿತು, ಅಷ್ಟೇ.

ಬಿಲ್ ಎಷ್ಟಿರಬಹುದು ಅಂತ ನಾವೇ ಹಾಕಿ ನೋಡೋಣ. ಇದು ನನ್ನ ಕಚ್ಚಾ ಲೆಕ್ಕ, ಬ್ಯೂಟ್‌ನ ಬಿಲ್ ಅಲ್ಲ. ಒಂದು ಸಾವಿರ ಲೀಟರ್ ನೀರನ್ನು 200 ಮೀಟರ್ ಮೇಲೆತ್ತಲು, ಪಂಪ್‌ನ ದಕ್ಷತೆ 70 ಶೇಕಡ ಅಂತ ಇಟ್ಟುಕೊಂಡರೆ, ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಬೇಕು. ದಿನಕ್ಕೆ ಒಂದು ಕೋಟಿ ಲೀಟರ್ ಅಂದರೆ 7,800 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿಯಿರಿ. ದಿನಕ್ಕೆ 62,400 ರೂಪಾಯಿ. ವರ್ಷಕ್ಕೆ ಎರಡು ಕಾಲು ಕೋಟಿ. ಇದರಲ್ಲಿ ಸುಣ್ಣ ಸೇರಿಲ್ಲ, ಸಂಬಳ ಸೇರಿಲ್ಲ, ಆಮ್ಲಕ್ಕೆ ಸವೆದ ಪಂಪ್ ಬದಲಾಯಿಸುವ ಖರ್ಚು ಸೇರಿಲ್ಲ.

ಈಗ ನಮ್ಮ ಕಡೆ ನೋಡಿ. ಗಣಿ ಮುಚ್ಚುವಾಗ ಜಾಗ ಸರಿಪಡಿಸಲು ಕಂಪನಿ ಮೊದಲೇ ಗ್ಯಾರಂಟಿ ಹಣ ಇಡಬೇಕು ಅಂತ ನಿಯಮ ಇದೆ. 2021ರ ತಿದ್ದುಪಡಿಯಲ್ಲಿ ಅದನ್ನು ‘ಎ’ ವರ್ಗದ, ಅಂದರೆ ದೊಡ್ಡ ಗಣಿಗಳಿಗೆ ಹೆಕ್ಟೇರ್‌ಗೆ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. 100 ಹೆಕ್ಟೇರ್ ಬಳಸಿರುವ ಗಣಿಗೆ 5 ಕೋಟಿ. ನಮ್ಮ ಕಚ್ಚಾ ಲೆಕ್ಕದ ಕರೆಂಟ್ ಬಿಲ್‌ಗೆ ಎರಡು ವರ್ಷ ಚಿಲ್ಲರೆ ಬರುತ್ತದೆ. ಬ್ಯೂಟ್ ದೈತ್ಯ ಗಣಿ, ನಮ್ಮವು ಹೆಚ್ಚಿನವು ಅಷ್ಟು ದೊಡ್ಡದಲ್ಲ, ಎಲ್ಲ ಗಣಿಯಲ್ಲೂ ಹುಳಿ ನೀರು ಬರುವುದಿಲ್ಲ. ಒಪ್ಪುತ್ತೇನೆ. ಆದರೂ ಹೆಕ್ಟೇರ್ ಲೆಕ್ಕದಲ್ಲಿ ಹಣ ಇಡಿಸುವುದೇ ನನಗೆ ಸರಿ ಕಾಣುವುದಿಲ್ಲ. ನೀರು ಹೆಕ್ಟೇರ್ ನೋಡಿಕೊಂಡು ಸೋರುವುದಿಲ್ಲ. ಎಷ್ಟು ಲೀಟರ್, ಎಷ್ಟು ಎತ್ತರ, ಎಷ್ಟು ವರ್ಷ ಅನ್ನುವುದರ ಮೇಲೆ ಹಣ ನಿಗದಿಯಾಗಬೇಕು.

ಕಂಪನಿ ದಿವಾಳಿಯಾದರೆ? ಅದಕ್ಕೂ ಉತ್ತರ ಮೊಂಟಾನಾದಲ್ಲೇ ಇದೆ. ಜಾರ್ಟ್‌ಮನ್-ಲ್ಯಾಂಡಸ್ಕಿ ಅನ್ನುವ ಚಿನ್ನದ ಗಣಿ ನಡೆಸುತ್ತಿದ್ದ ಪೆಗಾಸಸ್ ಗೋಲ್ಡ್ 1998ರಲ್ಲಿ ದಿವಾಳಿ ಅರ್ಜಿ ಹಾಕಿತು. ಅಲ್ಲಿನ ಹುಳಿ ನೀರನ್ನು ಹಿಡಿದು, ಪಂಪ್ ಮಾಡಿ, ಶುದ್ಧ ಮಾಡುವ ಹೊಣೆ ಸರ್ಕಾರದ ತಲೆಗೆ ಬಂತು. ಗಣಿಯ ಪಕ್ಕದಲ್ಲೇ ಫೋರ್ಟ್ ಬೆಲ್ಕ್‌ನ್ಯಾಪ್‌ನ ಮೂಲನಿವಾಸಿಗಳ ಜಾಗ. ಚಿನ್ನ ಹೋಯಿತು, ನೀರು ಉಳಿಯಿತು.

ಪಂಪ್ ಓಡುತ್ತಿದ್ದರೂ ನೀರು ತಪ್ಪಿಸಿಕೊಳ್ಳಬಹುದು. ಕೆನಡಾದ ಆಲ್ಬರ್ಟಾದಲ್ಲಿ ಇಂಪೀರಿಯಲ್ ಆಯಿಲ್ ಕಂಪನಿಯ ಕೀರ್ಲ್ ಅನ್ನುವ ತೈಲ ಮರಳಿನ ಗಣಿ ಇದೆ, ಅಂದರೆ ಎಣ್ಣೆ ಬೆರೆತ ಮರಳನ್ನು ಅಗೆಯುವ ಗಣಿ. ಬಸಿ ನೀರು ಹಿಡಿಯುವ ವ್ಯವಸ್ಥೆ ಅಲ್ಲೂ ಇತ್ತು. 2022ರ ಮೇ ತಿಂಗಳಲ್ಲಿ ಗಣಿಯ ಹತ್ತಿರ ನೆಲದ ಮೇಲೆ ಬಣ್ಣಗೆಟ್ಟ ನೀರು ಕಾಣಿಸಿತು. 2023ರ ಆರಂಭದಲ್ಲಿ ಬಸಿ ನೀರು ಸೇರುವ ಕೊಳವೇ ಉಕ್ಕಿ 53 ಲಕ್ಷ ಲೀಟರ್ ಹೊರಗೆ ಹರಿಯಿತು. ನದಿಯ ಕೆಳಭಾಗದಲ್ಲಿರುವ ಮೂಲನಿವಾಸಿ ಸಮುದಾಯಗಳಿಗೆ ಮೊದಲ ಸೋರಿಕೆಯ ನಿಜವಾದ ಗಾತ್ರ ಗೊತ್ತಾದದ್ದು ಆಗಲೇ, ಅಂದರೆ ಸುಮಾರು ಒಂಬತ್ತು ತಿಂಗಳ ಮೇಲೆ. ಆ ಜನ ಅಲ್ಲಿ ಬೇಟೆಯಾಡುತ್ತಾರೆ, ಮೀನು ಹಿಡಿಯುತ್ತಾರೆ. ಕಂಪನಿಯ ಮುಖ್ಯಸ್ಥರು ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. ನನಗೆ ಅಲ್ಲಿ ಸೋರಿಕೆಗಿಂತ ಆ ಒಂಬತ್ತು ತಿಂಗಳು ದೊಡ್ಡದಾಗಿ ಕಾಣುತ್ತದೆ. ವಿ-ನಾಚ್‌ನ ಸ್ಕೇಲಿನ ಅಂಕಿ, ಸುತ್ತಲಿನ ಬಾವಿಗಳ ಪರೀಕ್ಷೆಯ ಅಂಕಿ, ಇವು ಕಂಪನಿಯ ಗುಟ್ಟಲ್ಲ. ಪಂಚಾಯ್ತಿ ಆಫೀಸಿನ ಗೋಡೆ ಮೇಲೆ ತಿಂಗಳಿಗೊಮ್ಮೆ ಅಂಟಿಸಬೇಕಾದ ಕಾಗದ ಅದು.

ಪ್ರಶ್ನೋತ್ತರದಲ್ಲಿ ಬಂದ ಮೂರು ಪ್ರಶ್ನೆಗಳನ್ನು ಇಲ್ಲಿ ಹಾಕುತ್ತೇನೆ.

ಒಬ್ಬ ವಿದ್ಯಾರ್ಥಿನಿ ಕೇಳಿದರು: ‘ಸರ್, ಕೃಷಿ ಹೊಂಡಕ್ಕೆ ಹಾಕುವ ಹಾಗೆ ತಳಕ್ಕೆ ಪ್ಲಾಸ್ಟಿಕ್ ಹಾಳೆ ಹಾಕಿಬಿಟ್ಟರೆ ಆಗಲ್ವಾ?’

ಹಾಕುತ್ತಾರಮ್ಮ. ಹೊಸ ಕೆರೆಗಳಿಗೆ, ಅದರಲ್ಲೂ ಸೈನೈಡ್ ಬಳಸುವ ಚಿನ್ನದ ಗಣಿಗಳಲ್ಲಿ, ದಪ್ಪ ಎಚ್‌ಡಿಪಿಇ ಹಾಳೆ ಹಾಸುವುದು ಈಗ ಸಾಮಾನ್ಯ. ಸೋರುವುದು ತುಂಬಾ ಕಮ್ಮಿಯಾಗುತ್ತದೆ. ಆದರೆ ಹಾಸುವಾಗ ಚೂಪು ಕಲ್ಲು ಚುಚ್ಚುತ್ತದೆ, ಬೆಸುಗೆ ಹಾಕಿದ ಕಡೆ ಬಿಡುತ್ತದೆ. ಆದ್ದರಿಂದ ಹಾಳೆಯ ಕೆಳಗೂ ಪೈಪು, ಸಂಪ್, ಪಂಪ್ ಇಡುತ್ತಾರೆ. 1963ರಲ್ಲಿ ಶುರುವಾದ ಕಟ್ಟೆಯ ತಳಕ್ಕೆ ಈಗ ಹಾಳೆ ಹಾಸುವುದಂತೂ ಆಗದ ಮಾತು.

ಇನ್ನೊಬ್ಬರು, ಹಿರಿಯರು, ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: ‘ಸೋರಿದ್ದನ್ನು ಮೇಲೆ ಹಾಕಿದರೆ ಅದು ಮತ್ತೆ ಸೋರುತ್ತೆ. ಇದೇನು ಸ್ವಾಮಿ, ಮುಗಿಯುವ ಕೆಲಸಾನಾ?’

ಯಜಮಾನರೇ, ನೀವು ಕೇಳಿದ್ದು ಸರಿ. ಸುತ್ತಿಸುವುದರಿಂದ ನೀರು ಕಮ್ಮಿಯಾಗುವುದಿಲ್ಲ. ಬಿಸಿಲಿಗೆ ಆವಿಯಾದಷ್ಟು, ರಾಡಿಯೊಳಗೆ ಸಿಕ್ಕಿಕೊಂಡಷ್ಟು ಮಾತ್ರ ಕಮ್ಮಿ. ಸುತ್ತಿದ ಹಾಗೆಲ್ಲ ಉಪ್ಪಿನ ಅಂಶ ಏರುತ್ತದೆ. ಕೋಲಾರದಂಥ ಒಣ ಸೀಮೆಯಲ್ಲಿ ಬಿಸಿಲು ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಆದರೆ ಕುದುರೆಮುಖದ ಕಬ್ಬಿಣದ ಗಣಿಯ ರಾಡಿ ನಿಲ್ಲಿಸಿದ ಲಕ್ಯಾ ಅಣೆಕಟ್ಟಿನಂಥ ಜಾಗವನ್ನು ಯೋಚಿಸಿ. ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಅಂಥ ಕಡೆ ಬಸಿದದ್ದನ್ನೂ ಮೇಲೇ ಹಾಕುತ್ತಾ ಕೂತರೆ ಕೆರೆ ತುಂಬುತ್ತಲೇ ಹೋಗುತ್ತದೆ. ಕೆನಡಾದ ಮೌಂಟ್ ಪಾಲಿ ಗಣಿಯ ಕೆರೆಯಲ್ಲಿ ಹೆಚ್ಚುವರಿ ನೀರು ವರ್ಷ ವರ್ಷ ಸೇರುತ್ತಿತ್ತು, ಕಟ್ಟೆಯನ್ನು ಅದರ ಬೆನ್ನು ಹತ್ತಿ ಏರಿಸುತ್ತಿದ್ದರು. 2014ರ ಆಗಸ್ಟ್ 4ರಂದು ತಳದ ಮೆತ್ತನೆ ಜೇಡಿಮಣ್ಣು ಜಾರಿ ಕಟ್ಟೆ ಒಡೆಯಿತು. ಮಳೆ ಜಾಸ್ತಿ ಇರುವ ಕಡೆ ಹೆಚ್ಚುವರಿ ನೀರನ್ನು ಶುದ್ಧ ಮಾಡಿ ಹೊರಗೆ ಬಿಡುವ ದಾರಿ ಇರಲೇಬೇಕು. ಬ್ಯೂಟ್‌ನವರೂ ಕೊನೆಗೆ ಅಲ್ಲಿಗೇ ಬಂದರು. 2019ರ ಶರತ್ಕಾಲದಲ್ಲಿ ಶುದ್ಧ ಮಾಡಿದ ನೀರನ್ನು ಸಿಲ್ವರ್ ಬೋ ತೊರೆಗೆ ಬಿಡಲು ಶುರು ಮಾಡಿದರು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನ ಹುಡುಗನದ್ದು: ‘ಬ್ಯೂಟ್‌ನಲ್ಲಿ ಇನ್ನೂ ಎಷ್ಟು ವರ್ಷ ಪಂಪ್ ಮಾಡಬೇಕು ಸರ್?’

ಅಲ್ಲಿನ ಯೋಜನೆಯಲ್ಲಿ ಅದಕ್ಕೆ ಕೊನೆಯ ವರ್ಷ ಅಂತ ಇಲ್ಲಪ್ಪ. ಶಾಶ್ವತವಾಗಿ ಅಂತಲೇ ಇಟ್ಟುಕೊಂಡಿದ್ದಾರೆ. 2016ರಲ್ಲಿ ಮತ್ತೆ ಸಾವಿರಾರು ಹೆಬ್ಬಾತುಗಳು ಪಿಟ್ ಮೇಲೆ ಇಳಿದು ಸತ್ತವು. ಈಗ ನೀರಿನ ಕೆಲಸದವರ ಜೊತೆಗೆ ಹಕ್ಕಿ ಓಡಿಸುವವರೂ ಇದ್ದಾರೆ. ನಿನಗೆ ಪಂಪ್ ಆಪರೇಟರ್ ಕೆಲಸ ಬೇಕಿದ್ದರೆ, ಆ ಊರಿನಲ್ಲಿ ರಿಟೈರ್ ಆಗುವ ತನಕ ಯೋಚನೆ ಇಲ್ಲ. ನಿನ್ನ ಮೊಮ್ಮಕ್ಕಳಿಗೂ ಇಲ್ಲ.